ಆರು, ಏಳನೇ ರೀಲು

ಒಂದೇ ಪ್ರಿಂಟು, ಎರಡು ಟಾಕೀಸು.
ಸಂತೇಪೇಟೆಯಲ್ಲಿ ಐದು ರೀಲು ಓಡಿ ಮುಗಿದೊಡನೆ
ಆಪರೇಟರ್ ಪುಟ್ಟಾಚಾರಿ ಮೇಲಿಂದಲೇ ಶಿಳ್ಳೆ ಹಾಕುವನು.
ಬಿಸಿ ಆರದ ಡಬ್ಬಗಳನ್ನು ಕ್ಯಾರಿಯರಿಗೆ ಬಿಗಿದು
ನಾನು ಪೆನ್ಷನ್ ಮೊಹಲ್ಲಾದ ಕಡೆಗೆ ಪೆಡಲು ತುಳಿಯುವೆ,
ಆಲೂಗಡ್ಡೆ ಲಾರಿಗಳ ನಡುವೆ ನುಸುಳಿ,
ನಾಲ್ಕು ವಾರ, ದಿನಕ್ಕೆ ಮೂರಾಟ.
ವಾಪಸು ಬಂದಾಗ ಎಂಟನೆಯದು ತಿರುಗುತ್ತಿರುತ್ತಿತ್ತು.

ಹೆಸರು ಯಾರ ನಾಲಿಗೆಗೂ ಹೊರಳದ ಪರದೇಶದ ಪಿಕ್ಚರು;
ಹಾಸನಕ್ಕೆಲ್ಲ ಅದು ಕೆಂಪು ವಸ್ತ್ರದ ಪಿಕ್ಚರು.
ಮೊದಲಿಗೆ ಇಬ್ಬರು, ಉರಿಯುವ ಹಡಗಿಂದ
ಕೈ ಕೈ ಹಿಡಿದು ನೀರಿಗೆ ಹಾರುತ್ತಾರೆ.
ಕೊನೆಗೆ ಒಬ್ಬನೇ ಮರಳ ಮೇಲೆ ನಡೆಯುತ್ತಾನೆ,
ಇನ್ನೊಬ್ಬನ ವಸ್ತ್ರ ಅವನ ಕೊರಳಲ್ಲಿ.
ಕೊಂದನೋ? ಕಳಕೊಂಡನೋ?
ಕೇಳಿದರೆ ಪುಟ್ಟಾಚಾರಿ ಬೀಡಿ ಕಚ್ಚಿಕೊಂಡು
"ನಾನು ಕಾರ್ಬನ್ ಕಡ್ಡಿ ನೋಡ್ತೀನಿ ಕಣೋ, ಕಥೆ ನೋಡಲ್ಲ" ಅಂದ.
ಬೇರೆಯವರನ್ನು ಕೇಳಲು ನನಗೆ ನಾಚಿಕೆ.
ದಿನಾ ಪಿಕ್ಚರ್ ಹೊರುವವನಲ್ಲವೆ!

ಮರುವರ್ಷ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಬಿತ್ತನೆ ಗಡ್ಡೆಯ ಮಂಡಿಗೂ ಸ್ಟವ್ ರಿಪೇರಿಗೂ ನಡುವೆ
ಜಬೀವುಲ್ಲಾ ವಿಡಿಯೋ ಗೇಮಿನ ಅಂಗಡಿ ತೆರೆದ.
ಅರ್ಧ ಗಂಟೆಗೆ ಎರಡು ರೂಪಾಯಿ.
ಹಳದಿ ಕ್ಯಾಸೆಟ್ಟಿನ ಮೇಲೆ ಅದೇ ಹಡಗು, ಅದೇ ಬೆಂಕಿ!
ಟಿಪ್ಸಿನ ಚಿಲ್ಲರೆಯೆಲ್ಲ ಅಲ್ಲಿ ಸುರಿದೆ,
ನಡುವಿನ ಕಥೆ ಕೊಳ್ಳಲಿಕ್ಕೆ.

ಅದರೊಳಗೆ ಇಬ್ಬರೂ ಹೆಬ್ಬೆರಳಷ್ಟು.
ವಸ್ತ್ರವೆಂದರೆ ಮೂರು ಕೆಂಪು ಚುಕ್ಕೆ.
ಎರಡನೇ ರಿಮೋಟಿನ ವೈರನ್ನು ಮಂಡಿಯ ಇಲಿ ಕಡಿದಿತ್ತು;
ಹಾಗಾಗಿ ವಸ್ತ್ರದವನು ಹಡಗಿನ ಅಂಚಿನಲ್ಲೇ ನಿಂತಿರುವನು,
ಮೊಣಕಾಲು ಒಮ್ಮೆ ಬಗ್ಗಿಸಿ, ಒಮ್ಮೆ ನೆಟ್ಟಗೆ ಮಾಡಿ,
ಈಗ ಹಾರುವವನಂತೆ.
ಹಾರುವವನು ನಾನೊಬ್ಬನೇ.
ಪರದೆ ಸರಿಯುತ್ತದೆ. ಅವನು ಎಡದಂಚಿಗೆ ಜಾರಿ
ಮೊದಲು ಭುಜ, ಆಮೇಲೆ ಮೂರು ಚುಕ್ಕೆ,
ಕಾಣದಾಗುತ್ತಾನೆ.

ಮೂರನೇ ಸ್ಟೇಜಿನ ಬಾಗಿಲಲ್ಲಿ
ಚಿತ್ರವೆಲ್ಲ ಚೆಲ್ಲಿದ ರಾಗಿಯಾಗಿ ನಿಂತುಬಿಡುತ್ತಿತ್ತು.
ತೆಗೆ, ಊದು, ಮತ್ತೆ ಹಾಕು.
ಮತ್ತೆ ಹಡಗು. ಮತ್ತೆ ಅವನು.

"ಮುಂದಿನ ಕಥೆ ನಂಗೊತ್ತು" ಎಂದ ಜಬೀವುಲ್ಲಾ ಒಂದು ದಿನ.
ರೀಲು ಬಿಡಬೇಡ ಎಂದೆ.
"ಬುಕ್ಕಲ್ಲೇ ಇದೆ, ನೋಡು."
ಕ್ಯಾಸೆಟ್ಟಿನ ಜೊತೆ ಬಂದ ಜಪಾನಿನ ಪುಸ್ತಕ,
ಉರ್ದುವಿನ ಹಾಗೆ ಬಲಗಡೆಯಿಂದ ತೆರೆಯುವಂಥದ್ದು;
ಅವನು ಹಾಗೇ ತೆರೆದ, ಸಾಲಿಗೆ ಬೆರಳಿಟ್ಟು ಓದಿದ:
ನಡುನೀರಲ್ಲಿ ಗೆಳೆಯರಿಗೆ ಸಿಕ್ಕಿದ್ದು ಒಂದೇ ಹಲಗೆ.
ರಾತ್ರಿ ಒಬ್ಬ ಮಲಗುವುದು, ಹಗಲು ಇನ್ನೊಬ್ಬ.
ಏಳನೇ ಬೆಳಗು, ತನ್ನ ಸರದಿ ಬಂದರೂ
ಆತ ಮಲಗಿದ್ದವನನ್ನು ಎಬ್ಬಿಸಲಿಲ್ಲ,
ವಸ್ತ್ರ ಹೊದಿಸಿ ಕೈಬಿಟ್ಟ.

ಆ ಅರ್ಧ ಗಂಟೆ ನಾನು ಆಡದೆ ಕೂತೆ.
ದುಡ್ಡು ಮಾತ್ರ ಇಸಕೊಂಡ.

ಅಂಗಡಿ ಮುಚ್ಚಿದಾಗ ಪುಸ್ತಕ ನನಗೇ ಕೊಟ್ಟಿದ್ದ.
ಮೊನ್ನೆ ತಂಗಿಯ ಮಗ ಆ ಪುಟದ ಮೇಲೆ ಫೋನು ಹಿಡಿದ;
ಅಕ್ಷರಗಳು ನಡುಗಿ ನಡುಗಿ ಕನ್ನಡವಾದವು:
ಒದ್ದೆ ಕೈಯಿಂದ ಮುಟ್ಟಬೇಡಿ.
ಬಿಸಿಲಿನಲ್ಲಿ ಇಡಬೇಡಿ. ಬಾಯಿಂದ ಊದಬೇಡಿ.
ಎರಡು ಗಂಟೆಗೊಮ್ಮೆ ವಿಶ್ರಾಂತಿ ಪಡೆಯಿರಿ.
"ಪಿಕ್ಚರೇ ಇದೆ ಮಾವ, ಹಾಕ್ಲಾ?" ಅಂದ.
ತಾಳೋ, ಎಂದೆ.

ಜಬೀವುಲ್ಲಾ ಈಗ ಕುಕ್ಕರಿನ ಗ್ಯಾಸ್ಕೆಟ್ ಮಾರುತ್ತಾನೆ.
ಪುಸ್ತಕ ಮುಂದಿಟ್ಟೆ, ಫೋನಿನ ಮಾತೆತ್ತಲಿಲ್ಲ.
ಕನ್ನಡಕ ಒರೆಸಿ, ಬಲದಿಂದ ತೆರೆದು,
ಅದೇ ಸಾಲಿಗೆ ಬೆರಳಿಟ್ಟ.
"ಹಲಗೆ ಅಂದಿದ್ನಾ ಆವಾಗ? ತಪ್ಪು ಓದಿದ್ದೆ ಕಣೋ.
ಅವನು ಹಡಗಿಂದ ಇಳೀಲೇ ಇಲ್ಲ ಅಂತಿದೆ..."

ಅಷ್ಟರಲ್ಲಿ ಗಿರಾಕಿ ಬಂದಳು,
ಐದು ಲೀಟರಿನದು ಇದೆಯಾ ಎಂದಳು.
ನಾನು ಸ್ಟೂಲು ಎಳೆದುಕೊಂಡೆ.